ಬರೋಬರಿ ಅನ್ನುವ ತನಕ

ಈಗಲೂ ಎಲ್ಲಾದರೂ ಗಾಜು ಒಡೆದ ಸಪ್ಪಳವಾದರೆ ನನ್ನ ಕೈ ತಾನಾಗಿ ಎಡಗಿವಿಗೆ ಹೋಗುತ್ತದೆ. ಮೊನ್ನೆ ಪಕ್ಕದ ಮನೆಯ ಸೊಸೆಯ ಕೈಯಿಂದ ಗಾಜಿನ ಲೋಟ ಜಾರಿತು. ತೊಗರಿ ಬೇಳೆ ಆರಿಸುತ್ತ ಕುಳಿತಿದ್ದ ನಾನು ಮೊರ ಬಿಟ್ಟು ಎದ್ದು ಗೋಡೆಗೆ ಒರಗಿ ನಿಂತಿದ್ದೆ. "ಏನಿಲ್ರಿ ಮೇಡಂ, ಗಿಲಾಸ ಬಿತ್ತು" ಎಂದು ಆಕೆ ಆಚೆಯಿಂದ ಕೂಗಿ ಹೇಳಿದ ಮೇಲೆ ನೋಡಿದರೆ ಬೇಳೆ ನೆಲದ ತುಂಬ ಚೆಲ್ಲಿತ್ತು.

ಸೇಡಂನ ಕಾಲೇಜಿನಲ್ಲಿ ನನ್ನ ಜಾಗಕ್ಕೆ ಬಂದಿರುವ ಹೊಸ ಉಪನ್ಯಾಸಕಿ ಈಚೆಗೆ ವಾಡಿಯ ನಮ್ಮ ಮನೆಗೆ ಬಂದಿದ್ದಳು. ಚುರುಕು ಹುಡುಗಿ. ಚಹಾ ಆರಿಹೋಗುವವರೆಗೂ ಅವಳದು ಒಂದೇ ದೂರು. "ಅಮೆರಿಕದ ಪಾಠ ಹ್ಯಾಂಗ್ ಹೇಳ್ತಿದ್ರಿ ಮೇಡಂ? ನಾ ಸೆನೆಟ್ ಅಂದ್ರ ಹುಡುಗರು ಮೊಬೈಲ್ ನೋಡ್ತಾವ. ವಲಸಿ ನೀತಿ ಅಂದ್ರ ಒಮ್ಮಿಗೇ ಎಲ್ಲಾರೂ ಎದ್ದು ಜಗಳಾ ಆಡ್ತಾವ. ನಡುವ ಏನೂ ಇಲ್ಲ." ನನಗೆ ತಿಳಿದದ್ದನ್ನು ಹೇಳಿದೆ. ಹೊರಡುವಾಗ ಆಕೆ, "ಇದನ್ನ ಬರ್ದಿಡ್ರಿ, ನನ್ನಂಥವರಿಗಿ ಬೇಕಾಗ್ತದ" ಎಂದಳು. ಅದಕ್ಕಾಗಿ ಬರೆಯುತ್ತಿದ್ದೇನೆ. ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದು ಇದರಲ್ಲಿಲ್ಲ. ರಾಜ್ಯಶಾಸ್ತ್ರ ಕಲಿಸುವವರಿಗೆ ತರಗತಿಯಲ್ಲಿ ಎದುರಾಗುವುದು ಬೇರೆಯೇ.

ನಾನು ವಾಡಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ಹುಟ್ಟಿದವಳು. ಅಪ್ಪ ಕ್ಯಾಬಿನ್‌ನಲ್ಲಿ ಸಿಗ್ನಲ್ ಎಳೆಯುತ್ತಿದ್ದರು. ನಮ್ಮ ಸಾಲಿನ ಒಂದು ಮನೆಯಲ್ಲಿ ತೆಲುಗು, ಒಂದರಲ್ಲಿ ತಮಿಳು, ಆಚೆ ಮರಾಠಿ, ಕೊನೆಗೆ ಉರ್ದು. ನೀರಿನ ನಲ್ಲಿಯ ಮುಂದೆ ಎಲ್ಲವೂ ಕೂಡಿ ಒಂದೇ ಭಾಷೆಯಾಗುತ್ತಿದ್ದವು. ಯಾರಾದರೂ "ಯಾ ಊರವರು?" ಎಂದು ಕೇಳಿದರೆ ನಮ್ಮಲ್ಲಿ ಮರುಪ್ರಶ್ನೆ ಹಾಕುವುದು ವಾಡಿಕೆ: "ಮೊದಲಿಂದು ಕೇಳ್ತೀರೋ, ಈಗಿಂದು ಕೇಳ್ತೀರೋ?" ಮೊದಲಿನದು ಹೇಳಿದರೆ ಅರ್ಧ ದೇಶದ ಹೆಸರು ಬರುತ್ತಿತ್ತು. ಈಗಿನದು ಎಲ್ಲರಿಗೂ ಒಂದೇ. ವಾಡಿ.

ವಾಡಿಯಿಂದ ಬೆಳಗಿನ ಪ್ಯಾಸೆಂಜರ್ ಹಿಡಿದು ಚಿತ್ತಾಪುರದ ಮೇಲೆ ಸೇಡಂಗೆ ಹೋಗುವುದು, ಸಂಜೆ ಅದೇ ದಾರಿಯಲ್ಲಿ ಮರಳುವುದು. ಕೆಲಸದ ಬದುಕೆಲ್ಲ ಹೀಗೆಯೇ ಕಳೆಯಿತು. ಕಿಟಕಿಯಾಚೆ ಕಲ್ಲುಗಣಿಯ ಗುಂಡಿಗಳು, ಚಪ್ಪಡಿ ಒಟ್ಟಿದ ಸಾಲುಗಳು, ಹೂ ಬಿಟ್ಟ ತೊಗರಿ, ಕಾರ್ಖಾನೆ ಹತ್ತಿರವಾದಂತೆ ಎಲೆಗಳ ಮೇಲೆ ಬಿಳಿ ಧೂಳು. ನನ್ನ ಮೊದಲ ಒಳ್ಳೆಯ ತರಗತಿ ನಡೆದದ್ದು ಆ ಡಬ್ಬಿಯಲ್ಲೇ. ಚಿತ್ತಾಪುರದಲ್ಲಿ ಹತ್ತುತ್ತಿದ್ದ ಮೊಸರು ಮಾರುವ ಶರಣಮ್ಮ ಒಂದು ದಿನ ನನ್ನ ಪುಸ್ತಕದ ಮೇಲಿನ ಚಿತ್ರ ನೋಡಿ, ಅದು ಯಾರ ಮನೆ ಎಂದು ಕೇಳಿದಳು. ಅಮೆರಿಕದ ಅಧ್ಯಕ್ಷರ ಮನೆ, ಅವರನ್ನು ಹೀಗೆ ಹೀಗೆ ಆರಿಸುತ್ತಾರೆ ಎಂದು ವಿವರಿಸಿದೆ. ಎಲ್ಲ ಕೇಳಿ ಆಕೆ, "ಅಂದ್ರ ಜಾಸ್ತಿ ವೋಟ್ ಬಿದ್ದಾಂವನೂ ಸೋಲಬಹುದೇನ್ರಿ?" ಎಂದಳು.

"ಒಮ್ಮೊಮ್ಮಿ ಹಂಗೂ ಆಗ್ತದ."

"ಇಷ್ಟ್ ದೂರ ಹೋಗಿ ಓದಬೇಕಿತ್ತೇನ್ರಿ ಇದನ್ನ? ನಮ್ಮ ಸೊಸೈಟಿ ಚುನಾವಣೆಗಿ ಬಂದ್ರ ಸಾಕಿತ್ತು."

ಡಬ್ಬಿ ನಕ್ಕಿತು. ಅಂದೇ ನಾನು ಇಂಗ್ಲಿಷ್ ಪುಸ್ತಕದಿಂದ ಓದಿ ಅನುವಾದಿಸುವುದನ್ನು ಬಿಟ್ಟೆ.

ನಮ್ಮ ಮೊದಲ ಪ್ರಾಂಶುಪಾಲರು ರೇವಣಸಿದ್ದಪ್ಪ ಸರ್. ಅವರ ಮನೆತನದ್ದು ಸೇಡಂನಲ್ಲಿ ತೊಗರಿಯ ಅಡತ್ ಅಂಗಡಿ, ರೈತರ ಮಾಲು ತೂಗಿ ಮಾರಿಸಿಕೊಡುವ ದಲ್ಲಾಳಿ ವ್ಯಾಪಾರ. ಕೋಪ ಬಂದರೆ ಕೂಗುತ್ತಿರಲಿಲ್ಲ. ಕನ್ನಡಕ ತೆಗೆದು ಒರೆಸುತ್ತಿದ್ದರು, ಅಷ್ಟೇ. ಆದರೆ ಒರೆಸುವಷ್ಟು ಹೊತ್ತೂ ನಾವು ನಿಂತೇ ಇರಬೇಕಿತ್ತು. ನಾನು ಸೇರಿದ ಹೊಸದರಲ್ಲಿ ನಡೆಸಿದ ಮೊದಲ ಚರ್ಚಾಸ್ಪರ್ಧೆ ಹೊಡೆದಾಟದಲ್ಲಿ ಮುಗಿದು, ಒಬ್ಬನ ಅಂಗಿ ಹರಿದಿತ್ತು. ಮರುದಿನ ಕನ್ನಡಕ ಒರೆಸಿ ಮುಗಿಸಿದ ಮೇಲೆ ಅವರು, "ಬರ್ರಿ ಮೇಡಂ, ನಿಮಗ ರಾಜ್ಯಶಾಸ್ತ್ರ ತೋರಿಸ್ತೀನಿ" ಎಂದು ಮಾರುಕಟ್ಟೆಗೆ ಕರೆದುಕೊಂಡು ಹೋದರು.

ತಮ್ಮದೇ ಅಂಗಡಿಯ ತಕ್ಕಡಿಯ ಮುಂದೆ ನಿಲ್ಲಿಸಿದರು. ತೂಗುವವನು ಚೀಲ ಏರಿಸಿ ತೂಕವನ್ನು ಕೂಗಿ ಹೇಳಿದ. ಮಾಲು ತಂದ ರೈತ ಮುಳ್ಳನ್ನು ದಿಟ್ಟಿಸಿ ನೋಡಿ, ತೂಕ ಸರಿಯಿದೆಯೆಂದು ಒಪ್ಪಿ, "ಬರೋಬರಿ" ಎಂದ. ಆಮೇಲೆ ಚೀಲ ಇಳಿಯಿತು. ಮುಂದಿನ ರೈತ ಸುಮ್ಮನೆ ನಿಂತ. ಎಲ್ಲರೂ ಕಾದರು, ರೇವಣಸಿದ್ದಪ್ಪ ಸರ್ ಅವರ ಅಣ್ಣನೂ ಕಾದ. ಮತ್ತೊಮ್ಮೆ ತೂಗಿದರು. ಆತ "ಹಾಂ, ಈಗ ಬರೋಬರಿ" ಎಂದ.

"ನೋಡಿದ್ರ್ಯಾ? ಆಂವ ಬರೋಬರಿ ಅನ್ನೋತನಕ ಇಲ್ಲಿ ಯಾ ದೊಡ್ಡ ಮನಿಷ್ಯಾಂದೂ ನಡಿಯಂಗಿಲ್ಲ. ಮಾತಿಗೂ ಇದೇ ಕಾಯ್ದಾ ಹಚ್ಚೋಣು."

ಹಾಗೆ ನಮ್ಮ ಶನಿವಾರದ ಚರ್ಚಾಕೂಟಕ್ಕೆ ಒಂದು ಪದ್ಧತಿ ಬಂತು. ಹಳೆಯ ಸಭಾಂಗಣದ ನೆಲ ಶಹಾಬಾದ ಕಲ್ಲಿನದು. ನಡುವೆ ಎರಡು ದೊಡ್ಡ ಚಪ್ಪಡಿಗಳು, ಒಂದು ಕಪ್ಪು, ಒಂದು ಹಳದಿ. ಚೀಟಿ ಎತ್ತಿ ಪಕ್ಷ ಹಂಚುವುದು. ನಿನಗೆ ಯಾವ ಮಾತಿನಲ್ಲಿ ನಂಬಿಕೆ ಎಂದು ಯಾರೂ ಕೇಳುವುದಿಲ್ಲ. ಪರವಾದವನು ಹಳದಿ ಕಲ್ಲಿನ ಮೇಲೆ, ವಿರೋಧಿಸುವವನು ಕಪ್ಪಿನ ಮೇಲೆ. ಉತ್ತರ ಕೊಡುವ ಮೊದಲು ನೀನು ನಿನ್ನ ಕಲ್ಲು ಬಿಟ್ಟು ಎದುರಿನವನ ಕಲ್ಲಿಗೆ ಹೋಗಬೇಕು. ಅಲ್ಲಿ ನಿಂತು, ಅವನೇ ಆಗಿ, "ನಾನು", "ನಾವು" ಎಂದೇ ಅವನ ವಾದವನ್ನು ಹೇಳಬೇಕು. ಅವನು "ಬರೋಬರಿ" ಎಂದ ಮೇಲೆ ಮಾತ್ರ ನಿನ್ನ ಜಾಗಕ್ಕೆ ಮರಳಿ ಉತ್ತರ ಕೊಡಬಹುದು.

ಮೊದಮೊದಲು ಹುಡುಗರು ನಕ್ಕರು. ಆಮೇಲೆ ಅದೇ ಅವರ ಹೆಮ್ಮೆಯಾಯಿತು. ಪಾನನಿಷೇಧದ ಚರ್ಚೆಯಲ್ಲಿ ಎದುರಿನವನ ವಾದವನ್ನು ಮತ್ತೆ ಮತ್ತೆ ಒಪ್ಪಿಸಿ ಸೋತ ಹುಡುಗನೊಬ್ಬ, "ಮೇಡಂ, ಇವನ ಮಾತು ಹೇಳಿ ಹೇಳಿ ನನಗೂ ಖರೇ ಅನಸ್ಲಿಕತ್ತದ, ನಾ ಕುಂದಿರ್ತೀನಿ" ಎಂದು ಕೂತೇಬಿಟ್ಟ. ಎಲ್ಲರಿಗಿಂತ ಕಟ್ಟುನಿಟ್ಟಿನವನು ಮಲ್ಲಿಕಾರ್ಜುನ. ಸೇಡಂ ಪಕ್ಕದ ಹಳ್ಳಿಯವನು. ಎಲ್ಲರ ಬಾಯಲ್ಲೂ ಮಲ್ಲು. ಎದುರಿನವನು ಒಂದು ಎಳೆ ಬಿಟ್ಟರೂ ತೋರುಬೆರಳೆತ್ತಿ, "ಬರೋಬರಿ ಇಲ್ಲ" ಎನ್ನುತ್ತಿದ್ದ. ಅವನ ಬೆರಳಿಗೆ ಹೆದರಿಯೇ ಎಷ್ಟೋ ಮಕ್ಕಳು ಕಿವಿಗೊಟ್ಟು ಕೇಳುವುದನ್ನು ಕಲಿತರು. ಇವನು ಮುಂದೆ ದೊಡ್ಡ ವಕೀಲನಾಗುತ್ತಾನೆಂದು ರೇವಣಸಿದ್ದಪ್ಪ ಸರ್ ಹೇಳುತ್ತಿದ್ದರು. ಅವನು ವಕೀಲನಾಗಲಿಲ್ಲ. ಊರಿನಲ್ಲೇ ಉಳಿದು ಹುಡುಗರ ಸಂಘ ಕಟ್ಟಿದ.

ಕಾಲ ಸರಿದಂತೆ ಕಲಿಸುವ ಬಗೆಯೂ ಬದಲಾಯಿತು. ಮೊದಲು ಪತ್ರಿಕೆಯ ತುಣುಕು ಕತ್ತರಿಸಿ ಗೋಡೆಗೆ ಅಂಟಿಸುತ್ತಿದ್ದೆ. ಆಮೇಲೆ ಟಿ.ವಿ. ಬಂತು, ಕೊನೆಗೆ ಗೋಡೆಯ ಮೇಲೆ ಚಿತ್ರ ಬೀಳಿಸುವ ಯಂತ್ರ. ಅಮೆರಿಕದ ಅಧ್ಯಕ್ಷಗಿರಿಯ ಉಮೇದುವಾರರು ಒಂದೇ ವೇದಿಕೆಯಲ್ಲಿ ನಿಂತು ವಾದಿಸುವುದನ್ನು ನಾನು ವರ್ಷಗಟ್ಟಲೆ ಬಣ್ಣಿಸಿದ್ದೆ: ಕೈಕುಲುಕುತ್ತಾರೆ, ಸರದಿಗೆ ಕಾಯುತ್ತಾರೆ, ನೋಡಿ ಕಲಿಯಿರಿ ಎಂದು. ಯಂತ್ರ ಬಂದ ಸಂಭ್ರಮದಲ್ಲಿ ಈಚಿನ ಒಂದು ಚರ್ಚೆಯನ್ನು ಮೊದಲೇ ನೋಡದೆ ಹಚ್ಚಿಬಿಟ್ಟೆ. ಆಗಿನ ಪ್ರಾಂಶುಪಾಲರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಗೋಡೆಯ ಮೇಲೆ ಇಬ್ಬರು ಮುದುಕರು ಒಬ್ಬರ ಮಾತಿನ ಮೇಲೊಬ್ಬರು ಬಿದ್ದು, ಸುಳ್ಳುಗಾರ, ಬಾಯಿ ಮುಚ್ಚು ಎಂದು ಕಿತ್ತಾಡಿದರು. ನಡೆಸಿಕೊಡುವವರು ಕೈಮುಗಿಯುವುದೊಂದು ಬಾಕಿ. "ಮೇಡಂ, ಇವರಿಗಿ ಯಾರೂ ಬರೋಬರಿ ಕಲಿಸಿಲ್ಲೇನ್ರಿ?" ಎಂದು ಒಬ್ಬ ಕೇಳಿದ. ತರಗತಿಯೆಲ್ಲ ನಕ್ಕಿತು. ನಾನು ಯಂತ್ರ ಆರಿಸಿದೆ. ನಗು ನಿಂತ ಮೇಲೆ ನಾನು ಹೇಳಿಕೊಟ್ಟ ಅಮೆರಿಕ ನನ್ನ ಕೈಯಲ್ಲೇ ಹಳತಾಗಿತ್ತು ಎನಿಸಿತು.

ಆ ಬಳಿಕದ ವರ್ಷಗಳಲ್ಲಿ ಮಕ್ಕಳಿಗೆ ಅಮೆರಿಕ ಎಂದರೆ ವಲಸೆಯ ಜಗಳವೇ ಆಯಿತು. ಗಡಿಯ ಗೋಡೆ, ತಂದೆತಾಯಿಯಿಂದ ಬೇರೆಯಾದ ಮಕ್ಕಳು, ಕೈಗೆ ಕೋಳ ಹಾಕಿ ವಿಮಾನದಲ್ಲಿ ವಾಪಸು ಕಳಿಸಿದವರು. ಇದೆಲ್ಲ ಅವರ ಫೋನಿನಲ್ಲಿತ್ತು. ಆ ದೇಶ ನೋಡದವರೂ ಪಕ್ಷ ಹಿಡಿದು ಬೈದಾಡುತ್ತಿದ್ದರು. ಬೈಗುಳಗಳೂ ಅಲ್ಲಿಂದಲೇ ಬರುತ್ತಿದ್ದವು.

ನನ್ನ ನಿವೃತ್ತಿಯ ವರ್ಷ ಕೊನೆಯ ತರಗತಿಯಲ್ಲಿ ಇಬ್ಬರು ಜಾಣರಿದ್ದರು. ಒಬ್ಬ ಚಿಂಚೋಳಿ ಕಡೆಯ ಕೊಡ್ಲಿಯ ಬಸವರಾಜ, ಸೇಡಂನಲ್ಲಿ ಹಾಸ್ಟೆಲ್‌ನಲ್ಲಿದ್ದ. ಇನ್ನೊಬ್ಬಳು ವಾಡಿಯ ಸುನೀತಾ. ನನ್ನದೇ ರೈಲಿನಲ್ಲಿ ಬರುತ್ತಿದ್ದಳು. ಅವಳ ತಂದೆ ಬಿಹಾರದಿಂದ ಬಂದು ಸಿಮೆಂಟ್ ಚೀಲ ತುಂಬುವ ಕೆಲಸಕ್ಕೆ ಸೇರಿದವರು. ಅವಳು ಹುಟ್ಟಿದ್ದು, ಶಾಲೆ ಕಲಿತದ್ದು ವಾಡಿಯಲ್ಲಿ. "ನಮ್ಮವ್ವಗ ಕನ್ನಡ ಬರಂಗಿಲ್ರಿ ಮೇಡಂ. ನನಗ ಬೈಗಳಾನೂ ಕನ್ನಡದಾಗೇ ಬರ್ತಾವ. ಮನ್ಯಾಗ ಬೈದ್ರ ಆಕಿಗಿ ತಿಳಿಯಂಗಿಲ್ಲ, ಆರಾಮದ" ಎಂದು ನಗಿಸುತ್ತಿದ್ದಳು.

ಶನಿವಾರದ ವಿಷಯ: ಅಮೆರಿಕ ಹೊರಗಿನಿಂದ ಬರುವವರಿಗೆ ಬಾಗಿಲು ತೆರೆದಿಡಬೇಕೆ? ಚೀಟಿ ಎತ್ತಿದಾಗ ತೆರೆದಿಡಬೇಕು ಎಂಬುದು ಬಸವರಾಜನಿಗೆ ಬಂತು, ಮುಚ್ಚಬೇಕು ಎಂಬುದು ಸುನೀತಾಳಿಗೆ. "ಚೀಟಿಗಿ ಕಣ್ಣಿಲ್ರಿ" ಎಂದು ಸುನೀತಾ ಕಪ್ಪು ಕಲ್ಲಿನ ಮೇಲೆ ನಿಂತಳು.

ಬಸವರಾಜ ಚೆನ್ನಾಗಿ ಆಡಿದ. "ನಾ ಅಮೆರಿಕಾ ನೋಡಿಲ್ಲ. ಆದ್ರ ದುಡಿಯಾಕ ಹೋದವರ ಹಾಡು ಎಲ್ಲಾ ಕಡಿ ಒಂದೇ. ಅಲ್ಲಿ ಹುಟ್ಟಿದವರು ಬಿಸಿಲಾಗ ಬಗ್ಗಂಗಿಲ್ಲ. ಹೊರಗಿನವರು ಬಗ್ಗಿದ್ರೇ ಹೊಲದಾಗಿನ ಹಣ್ಣು ಬುಟ್ಟಿಗಿ ಬೀಳ್ತದ, ಹೊರಗಿನವರು ಇಟ್ಟಂಗಿ ಹೊತ್ರೇ ಮನಿ ಏಳ್ತದ. ಅವರನ್ನ ಹೊರಗ ಹಾಕಿದ್ರ ಊರಿನ ಒಲಿ ಹತ್ತಂಗಿಲ್ಲ."

ಪದ್ಧತಿಯಂತೆ ಸುನೀತಾ ತನ್ನ ಕಲ್ಲು ಬಿಟ್ಟು ಹಳದಿ ಕಲ್ಲಿಗೆ ಹೋದಳು. ಬಸವರಾಜನೇ ಆಗಿ ಹೇಳಿದಳು: "ಇಲ್ಲಿ ಹುಟ್ಟಿದವರು ಬಿಸಿಲಾಗ ಬಗ್ಗಂಗಿಲ್ಲ. ನಾವು ಹೊರಗಿಂದ ಬಂದವರು ಬಗ್ಗಿದ್ರೇ ಕೆಲಸ ಆಗೋದು. ನಮ್ಮನ್ನ ಹೊರಗ ಹಾಕಿದ್ರ ನಿಮ್ಮ ಒಲಿ ಹತ್ತಂಗಿಲ್ಲ."

"ಬರೋಬರಿ" ಎಂದ ಬಸವರಾಜ.

ಆಕೆ ಕಪ್ಪು ಕಲ್ಲಿಗೆ ಮರಳಿ ತನ್ನ ಪಾಲಿನ ವಾದ ಮಾಡಿದಳು. ಬಾಗಿಲು ಹಾರುಹೊಡೆದಿಟ್ಟರೆ ಮಾಲೀಕ ಅಗ್ಗದ ಕೂಲಿ ಹುಡುಕುತ್ತಾನೆ, ಮೊದಲಿದ್ದವನ ಕೂಲಿ ಇಳಿಯುತ್ತದೆ, ಹೊಸದಾಗಿ ಬಂದವನ ಹೊಟ್ಟೆಯೂ ತುಂಬುವುದಿಲ್ಲ, ಆದ್ದರಿಂದ ಬಾಗಿಲಿಗೆ ಚಿಲಕವಿರಬೇಕು ಎಂದಳು. ಕೇಳಿದವರು ಚಪ್ಪಾಳೆ ತಟ್ಟಿದರು. ನಾನು ಅವಳಿಗೇ ಗೆಲುವು ಕೊಟ್ಟೆ. ರೈಲಿನಲ್ಲಿ ಇಬ್ಬರೂ ಶೇಂಗಾ ತಿನ್ನುತ್ತ ವಾಡಿಗೆ ಬಂದೆವು.

ಯಾರೋ ಫೋನಿನಲ್ಲಿ ಹಿಡಿದಿದ್ದರು. ಹಳದಿ ಕಲ್ಲಿನ ಮೇಲಿನ ಮಾತಷ್ಟೇ ಉಳಿದು, ಹಿಂದಿನದೂ ಮುಂದಿನದೂ ಕತ್ತರಿಸಿಹೋಗಿತ್ತು. ಭಾನುವಾರ ಸಂಜೆಯೊಳಗೆ ಅದು ಕಾಳಗಿಯಿಂದ ಶಹಾಬಾದದವರೆಗೆ ಓಡಾಡಿತು. ಬಿಹಾರದ ಹಮಾಲನ ಮಗಳು ಸೇಡಂ ಸೀಮೆಯವರನ್ನು ಆಲಸಿಗಳೆಂದಳು, ನಾವಿಲ್ಲದೆ ನಿಮ್ಮ ಒಲೆ ಹತ್ತದು ಎಂದಳು ಎಂದು ಅದರ ಕೆಳಗೆ ಯಾರೋ ಬರೆದಿದ್ದರು. ಅದೇ ದಿನಗಳಲ್ಲಿ ಕಾರ್ಖಾನೆಗಳಲ್ಲಿ ಊರ ಹುಡುಗರಿಗೆ ಕೆಲಸ ಬೇಕೆಂದು ಧರಣಿ ನಡೆದಿತ್ತು. ನಮ್ಮ ಸಭಾಂಗಣದಲ್ಲಿ ಯಾವ ಕಲ್ಲಿನ ಮೇಲೆ ನಿಂತವರ ಮಾತು ಯಾರದೆಂದು ಎಲ್ಲರಿಗೂ ಗೊತ್ತು. ಫೋನಿಗೆ ಕಲ್ಲಿನ ಬಣ್ಣ ಗೊತ್ತಿರಲಿಲ್ಲ.

ಸೋಮವಾರ ಮಧ್ಯಾಹ್ನ ಗೇಟಿನ ಮುಂದೆ ಗದ್ದಲ ಕೇಳಿತು. ಪ್ರಾಂಶುಪಾಲರು ಕೆಲಸದ ಮೇಲೆ ಕಲಬುರಗಿಗೆ ಹೋಗಿದ್ದರು. ಕಾವಲಿನ ಖಾಜಾ ಚಾಚಾ ಗೇಟಿಗೆ ಸರಪಳಿ ಸುತ್ತಿ, "ಮೇಡಂ, ಭಾಳ ಮಂದಿ ಬಂದಾರ. ಆ ಹುಡುಗಿನ್ನ ಕೇಳ್ಲಿಕತ್ತಾರ" ಎಂದು ಓಡಿಬಂದ. ಪೊಲೀಸರಿಗೆ ಫೋನ್ ಮಾಡಿ ಸುನೀತಾಳನ್ನು ಸಿಬ್ಬಂದಿ ಕೋಣೆಯಲ್ಲಿ ಕೂಡಿಸಿದೆ. ಆಕೆ ನನ್ನ ಕೈ ಬಿಡಿಸಿಕೊಂಡಳು. "ನಾ ತಪ್ಪು ಮಾತಾಡಿಲ್ರಿ. ಅಡಗಿ ಕುಂತ್ರ ತಪ್ಪು ಮಾಡ್ದಂಗ ಆಗ್ತದ." ನಾನು ಹಿಂದೆ ಓಡುವಷ್ಟರಲ್ಲಿ ಪಡಸಾಲೆಗೆ ಬಂದು ನಿಂತಿದ್ದಳು.

ಗೇಟಿನಾಚೆ ಎಲ್ಲರ ಮುಂದೆ ಇದ್ದವನು ಮಲ್ಲು. ನನ್ನ ಮಲ್ಲು. ಕೊರಳಲ್ಲಿ ಶಲ್ಯ, ಗಡ್ಡದಲ್ಲಿ ಬಿಳಿ ಎಳೆ. ನನ್ನನ್ನು ನೋಡಿ ಕಣ್ಣು ತಪ್ಪಿಸಿದ. ಅವಳನ್ನು ನೋಡಿ ಕೂಗಿದ:

"ಏ ತಂಗಿ, ಯಾ ಊರಾಕಿ ನೀ?"

"ವಾಡಿ" ಎಂದಳು ಸುನೀತಾ.

ಗುಂಪು ನಕ್ಕಿತು. ಮಲ್ಲುವೂ ನಕ್ಕ. "ವಾಡಿ ಅಂತ! ಏ, ಬಿಹಾರದ ಗಾಡಿ ಎಷ್ಟಕ್ಕದ ನೋಡ್ರೋ" ಎಂದು ಹಿಂದಿನಿಂದ ಯಾರೋ ಕೂಗಿದರು. ಇನ್ನೂ ದೊಡ್ಡ ನಗು. ಆ ನಗುವಿನ ನಡುವಿನಿಂದಲೇ ಕಲ್ಲು ಬಂತು.

ಅಂಗೈ ಅಗಲದ ಫರ್ಸಿಯ, ಅಂದರೆ ಚಪ್ಪಡಿ ಕಲ್ಲಿನ, ಚೂರು. ನಮ್ಮ ಸೀಮೆಯಲ್ಲಿ ಎಲ್ಲಿ ಬಗ್ಗಿದರೂ ಸಿಗುತ್ತದೆ. ನನ್ನ ಎಡಗಿವಿಯ ಪಕ್ಕದಲ್ಲಿ ಗಾಳಿ ಸೀಳಿದ್ದು ತಿಳಿಯಿತು. ಹಿಂದಿನ ಸೂಚನಾಫಲಕದ ಗಾಜು ಒಡೆದು ನಮ್ಮಿಬ್ಬರ ಮೇಲೆ ಉದುರಿತು. ಆ ಗಳಿಗೆ ಇಂದಿಗೂ ಮುಗಿದಿಲ್ಲ. ಆ ಚೂರು ಈಗಲೂ ನನ್ನ ಕಣ್ಣ ಮುಂದೆ ತಿರುಗುತ್ತ ಬರುತ್ತದೆ. ಒಮ್ಮೆ ನನಗೆ ತಗಲುತ್ತದೆ, ಒಮ್ಮೆ ಅವಳಿಗೆ. ನಿಜವಾಗಿ ಯಾರಿಗೂ ತಗಲಲಿಲ್ಲ ಎಂಬುದನ್ನು ಪ್ರತಿ ಸಲವೂ ನನಗೆ ನಾನೇ ಹೇಳಿಕೊಳ್ಳಬೇಕಾಗುತ್ತದೆ. ಸುನೀತಾಳ ಓಢಣಿಯ ತುಂಬ ಗಾಜಿನ ಹರಳು. ಅವಳು ಝಾಡಿಸಿಕೊಳ್ಳಲಿಲ್ಲ. ಗುಂಪನ್ನೇ ನೋಡುತ್ತಿದ್ದಳು.

ನಾನು ಗೇಟಿನ ಕಡೆ ನಡೆದೆ. ಧೈರ್ಯವೆಂದು ತಿಳಿಯಬೇಡಿ. ಪೊಲೀಸರು ಬಂದಿರಲಿಲ್ಲ, ನನಗೆ ಬರುತ್ತಿದ್ದುದು ಒಂದೇ ಕೆಲಸ.

"ಚಾಚಾ, ಸಣ್ಣ ಬಾಗಲಾ ತೆಗೀರಿ."

"ತಲಿ ಕೆಟ್ಟದೇನ್ರಿ ಮೇಡಂ?"

"ತೆಗೀರಿ."

ಹೊರಗೆ ಹೋಗಿ ಮಲ್ಲುವಿನ ಎದುರು ನಿಂತೆ. "ಸರಿ ಅತ್ತಾಗ. ನಿನ್ನ ಜಾಗಾ ಕೊಡು" ಎಂದೆ. ಅವನಿಗೆ ಒಂದು ಕ್ಷಣ ತಿಳಿಯಲಿಲ್ಲ. ತಿಳಿದ ಮೇಲೆ ಮುಖ ಬದಲಾಯಿತು. ಅವನು ಸರಿದ. ಅವನು ನಿಂತಿದ್ದ ಜಾಗದಲ್ಲಿ ನಿಂತು ನನ್ನದೇ ಕಾಲೇಜಿನ ಕಡೆ ಮುಖ ಮಾಡಿದೆ. ಬೆನ್ನ ಹಿಂದೆ ಅಷ್ಟೂ ಮಂದಿ ಇದ್ದರು.

"ಕಾರ್ಖಾನಿ ಬರ್ತದಂದಾಗ ಹೊಲಾ ಕೊಟ್ಟವರು ನಾವು. ಅದರ ಧೂಳ ಕುಡಿಯೋರು ನಾವು. ಕೆಲಸ ಅಂದ್ರ ಮಾತ್ರ ಗುತ್ತಿಗೆದಾರ ಹೊರಗಿಂದ ಮಂದಿ ತರ್ತಾನ. ಈಗ ಆ ಮಂದಿ ಮಕ್ಕಳು ನಮ್ಮ ಊರಾಗ ನಿಂತು ನಮಗೇ ಆಲಸಿ ಅಂತಾರ. ಇದನ್ನ ಹ್ಯಾಂಗ್ ಸೈಸೋದು?"

ಹಿಂದೆ ಗದ್ದಲ ತಗ್ಗಿತು. ಮಲ್ಲುವಿನ ತೋರುಬೆರಳು ಎದ್ದಿತು, ಅವನಿಗೇ ಗೊತ್ತಿಲ್ಲದೆ.

"ಬರೋಬರಿ ಇಲ್ರಿ."

"ಏನ್ ಬಿಟ್ಟೀನಿ?"

"ನನ್ನ ತಮ್ಮ ಡಿಪ್ಲೊಮಾ ಮಾಡ್ಯಾನ. ಕಾರ್ಖಾನಿ ಗೇಟಿಗಿ ಅಡ್ಡಾಡಿ ಅಡ್ಡಾಡಿ ಸಾಕಾಗಿ ಪುಣೆಕ ಹೋದ. ಹೊಲಾನೂ ಹೋಯ್ತು, ಹುಡುಗನೂ ಹೋದ. ಅದನ್ನ ಬಿಟ್ರಿ."

"ಹೊಲಾನೂ ಹೋಯ್ತು, ನನ್ನ ತಮ್ಮನೂ ಹೋದ" ಎಂದೆ.

"ಬರೋಬರಿ" ಎಂದ. ಬೆರಳು ಇಳಿಯಿತು.

"ಈಗ ಪಾಳಿ ನಂದು. ಆಕಿ ಹೇಳಿದ್ದು ಆಕಿ ಮಾತಲ್ಲ, ಮಲ್ಲು. ಹಳದಿ ಫರ್ಸಿ ಮ್ಯಾಲ ನಿಂತಿದ್ಳು."

ಅವನೊಬ್ಬನಿಗೆ ಅದು ಸಾಕಾಯಿತು. ಆದರೆ ಗುಂಪಿಗೆ ಹಳದಿ ಫರ್ಸಿ ಎಂದರೇನು ತಿಳಿಯಬೇಕು? "ಏನ್ ಫರ್ಸಿ ಹಚ್ಚೀರಿ? ಹುಡುಗಿನ್ನ ಹೊರಗ ಕರೀರಿ" ಎಂದು ಮತ್ತೆ ಕೂಗೆದ್ದಿತು. ನನ್ನ ಪದ್ಧತಿ ಅಲ್ಲಿಗೆ ಮುಗಿದಿತ್ತು. ಅಷ್ಟರಲ್ಲಿ ಸಣ್ಣ ಬಾಗಿಲಿನಿಂದ ಬಸವರಾಜ ಹೊರಗೆ ಬಂದ.

"ಆ ಮಾತು ನಂದು. ನಾ ಕೊಡ್ಲಿಯಾಂವ. ಬಡಿಯೋದಿದ್ರ ನನಗ ಬಡೀರಿ."

"ನಮ್ಮ ಊರ ಹುಡುಗ ಆಗಿ ಹಿಂಗ ಅಂತೀಯೇನಲೇ?" ಎಂದು ಒಬ್ಬ ಅವನ ಅಂಗಿ ಹಿಡಿದ.

"ನಂದೂ ಅಲ್ಲ, ನಮ್ಮಪ್ಪಂದು. ಮುಂಬೈದಾಗ ಇಟ್ಟಂಗಿ ಹೊರ್ತಿದ್ದ. 'ನಿಮ್ಮೂರಿಗಿ ನಡೀರಿ' ಅಂತ ಅಲ್ಲಿ ಹುಡುಗರು ಬಂದು ಉಣ್ಣೋ ಬುತ್ತಿ ಒದ್ದರಂತ. ಆವತ್ತು ಫೋನಿನಾಗ ಅಳ್ಕೋತ ಅಂದಿದ್ದ, ನಾವಿಲ್ಲಂದ್ರ ಇವರ ಮನಿ ಏಳಂಗಿಲ್ಲ ಅಂತ. ನಿಮ್ಮ ತಮ್ಮಗ ಪುಣೆಕ ಫೋನ್ ಮಾಡ್ರಿ ಮಲ್ಲಣ್ಣಾ. ಆಂವ ಏನಂತಾನ ಕೇಳ್ರಿ."

ಅಂಗಿ ಹಿಡಿದ ಕೈ ಸಡಿಲಾಯಿತು. ಅಂಚಿನಲ್ಲಿದ್ದ ಒಬ್ಬ ಹಿರಿಯ, "ನಮ್ಮಾಂವನೂ ಹೈದರಾಬಾದದಾಗ ಅದಾನಪಾ" ಎಂದು ತನಗೆ ತಾನೇ ಹೇಳಿಕೊಂಡು ಹೆಗಲ ಮೇಲಿನ ಟವಲು ಸರಿಪಡಿಸಿಕೊಂಡು ನಡೆದ. ಅವನ ಹಿಂದೆ ಇಬ್ಬರು, ಆಮೇಲೆ ನಾಲ್ಕು ಜನ. ಪೊಲೀಸ್ ಜೀಪು ಬಂದಾಗ ಗೇಟಿನ ಮುಂದೆ ಉಳಿದಿದ್ದವರು ಕೆಲವರೇ. ಯಾರೂ ಯಾರನ್ನೂ ಕ್ಷಮೆ ಕೇಳಲಿಲ್ಲ. ಕಲ್ಲೆಸೆದವನು ಯಾರೆಂದು ಇಂದಿಗೂ ತಿಳಿದಿಲ್ಲ.

ಚರ್ಚಾಕೂಟ ನಿಂತಿತು. ಕಲಬುರಗಿಯಿಂದ ಮರಳಿದ ಪ್ರಾಂಶುಪಾಲರು, "ಇನ್ನ ಮ್ಯಾಲ ಪ್ರಬಂಧ ಸ್ಪರ್ಧಾ ಇಡ್ರಿ ಮೇಡಂ, ಸಪ್ಪಳ ಇರಂಗಿಲ್ಲ" ಎಂದರು. ಅವರ ಭಯ ನನಗೂ ಇತ್ತು. ಆದರೆ ಮರುದಿನ ಬೆಳಗಿನ ರೈಲಿನಲ್ಲಿ ಸುನೀತಾ ಇರಲಿಲ್ಲ. ಅದರ ಮರುದಿನವೂ ಇರಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ಅವರ ಮನೆಗೆ ಹೋದೆ. ಬಾಗಿಲ ಪಕ್ಕದಲ್ಲಿ ಹಗ್ಗ ಬಿಗಿದ ಟ್ರಂಕು. ಅವಳ ತಂದೆ ಕುರ್ಚಿ ಒರೆಸಿ ಕೊಟ್ಟರು.

"ಊರಿಗಿ ಹೋಗ್ತೀವಿ ಮೇಡಂಜಿ. ನಾ ಆಮ್ಯಾಲ ಒಬ್ಬನೇ ವಾಪಸ್ ಬರ್ತೀನಿ."

"ಡಿಗ್ರಿ ಮುಗೀಲಿಕ್ಕ ಒಂದೇ ಪರೀಕ್ಷಾ ಬಾಕಿ ಅದ."

"ಡಿಗ್ರಿ ಇರ್ಲಿ. ಹುಡುಗಿ ಜೀವ ಇರಬೇಕಲ್ಲ?"

ಸುನೀತಾ ಮೂಲೆಯಲ್ಲಿ ಕೂತಿದ್ದಳು. ಕಲ್ಲಿಗೆ ಹೆದರಿದ್ದೀಯಾ ಎಂದು ಕೇಳಿದೆ. ಇಲ್ಲವೆಂದು ತಲೆಯಾಡಿಸಿದಳು. ಮತ್ತೇನು ಎಂದರೆ ಗೋಡೆಯ ಕಡೆ ಮುಖ ತಿರುಗಿಸಿದಳು. ನಾನು ಕಂಡ ಅತ್ಯಂತ ಮಾತುಗಾತಿ ಆ ಹುಡುಗಿ.

ಕೆಲವು ದಿನಗಳ ಮೇಲೆ ಮಲ್ಲು ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದ. ಕುಂದ್ರು ಎಂದರೂ ಕೂರಲಿಲ್ಲ. "ಆ ಹುಡುಗಿ ಪರೀಕ್ಷಾಕ್ಕ ಕುಂದರಂಗಿಲ್ಲಂತ, ಖರೇನ್ರಿ?" ಎಂದ. ಪುಣೆಗೆ ಫೋನ್ ಮಾಡಿದ್ದನಂತೆ. ತಮ್ಮ ಏನೆಂದ ಎಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. "ನನ್ನ ಮುಂದ ಹೇಳೋದಲ್ಲ ಅದು, ನಡಿ" ಎಂದು ಅವರ ಮನೆಗೆ ಕರೆದುಕೊಂಡು ಹೋದೆ.

ಅವನನ್ನು ಕಂಡು ಸುನೀತಾಳ ತಾಯಿ ಒಳಗೆ ಸರಿದರು. ತಂದೆ ಬಾಗಿಲಿಗೆ ಅಡ್ಡ ನಿಂತರು. ಹೊಸ್ತಿಲ ಹೊರಗೇ ನಿಂತು ಮಲ್ಲು, "ತಂಗಿ, ನಿನಗ ಅನ್ಯಾಯ ಆಯ್ತು. ಆಡದ ಮಾತು ನಿನ್ನ ಮ್ಯಾಲ ಹಾಕಿದೆವು" ಎಂದ.

ಸುನೀತಾ ಮೂಲೆಯಿಂದಲೇ ತೋರುಬೆರಳೆತ್ತಿದಳು. "ಬರೋಬರಿ ಇಲ್ಲ."

ನಾನು ಬೆಚ್ಚಿದೆ. ಮಲ್ಲು ತಲೆ ತಗ್ಗಿಸಿದ. "ಕಲ್ಲು ಒಗದ್ರು. ನೀ ಅಂಜಿದಿ."

"ಬರೋಬರಿ ಇಲ್ಲ." ಅವಳು ಎದ್ದಳು. "ಅಲ್ಲಿ ನಿಂತು ಹೇಳಿದ್ರ ಬರಂಗಿಲ್ಲ ಅಣ್ಣಾ. ಒಳಗ ಬರ್ರಿ."

ತಂದೆ ಮಗಳ ಮುಖ ನೋಡಿ ದಾರಿ ಬಿಟ್ಟರು. ಮಲ್ಲು ಚಪ್ಪಲಿ ಬಿಟ್ಟು ಒಳಗೆ ಬಂದ. ಸುನೀತಾ ಅವನನ್ನು ದಾಟಿ ಹೊಸ್ತಿಲ ಹೊರಗೆ ಹೋಗಿ, ಅವನು ನಿಂತಿದ್ದಲ್ಲೇ ನಿಂತು ತಿರುಗಿದಳು. ಸೊಂಟದ ಮೇಲೆ ಕೈಯಿಟ್ಟು ಅವನದೇ ದನಿಯಲ್ಲಿ ಕೂಗಿದಳು:

"ಏ ತಂಗಿ, ಯಾ ಊರಾಕಿ ನೀ?"

ಅಕ್ಕಪಕ್ಕದ ಬಾಗಿಲುಗಳಲ್ಲಿ ಮುಖಗಳು ಕಾಣಿಸಿದವು. ಮಲ್ಲು ಆ ಸಣ್ಣ ಮನೆಯ ನಡುವೆ, ಅವಳ ತಾಯಿಯ ಒಲೆಯ ಪಕ್ಕದಲ್ಲಿ ನಿಂತಿದ್ದ.

"ವಾಡಿ" ಎಂದ ಕೊನೆಗೆ.

"ಆಮ್ಯಾಲ?"

"ನಾ ವಾಡಿ ಅಂದೆ. ಅದಕ್ಕ ಎಲ್ಲಾರೂ ನಕ್ಕರು."

ಸುನೀತಾಳ ಕೈ ಸೊಂಟದಿಂದ ಇಳಿಯಿತು. ಓಢಣಿಯ ತುದಿಯಿಂದ ಕಣ್ಣು ಒರೆಸಿಕೊಂಡಳು.

"ಬರೋಬರಿ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಈಗ ಪಾಳಿ ನಂದಲ್ರಿ ಮೇಡಂ?" ಎಂದು ಕೇಳಿದಳು. ನಾನು ಹೌದೆಂದೆ. ಅವಳು ತನ್ನ ಮನೆಯೊಳಗೆ ಬಂದು, ತಂದೆಯ ಮುಂದೆ ನಿಂತು, ತಾಯಿಗೂ ತಿಳಿಯಲೆಂದು ಮನೆಯ ಭಾಷೆಯಲ್ಲಿ ಒಮ್ಮೆ, ನಮಗಾಗಿ ಕನ್ನಡದಲ್ಲಿ ಒಮ್ಮೆ ಹೇಳಿದಳು: "ನಾ ಎಲ್ಲಿಗೂ ಹೋಗಂಗಿಲ್ಲ."

ತಂದೆ ಟ್ರಂಕಿನ ಬಳಿ ಕೂತು ಹಗ್ಗ ಬಿಚ್ಚಲು ಕೈ ಹಾಕಿದರು. ಗಂಟು ಬಿಗಿಯಾಗಿತ್ತು. ಉಗುರಿನಿಂದ ಕೆದಕುತ್ತ ಬಹಳ ಹೊತ್ತು ತೆಗೆದುಕೊಂಡರು. ನಾವು ಕಾದೆವು.